ತಳ್ಳಿದವರು ಯಾರೂ ಇಲ್ಲ

ತುಂಬಿದ ಸಿಟಿ ಬಸ್ಸಿನಲ್ಲಿ ಡ್ರೈವರ್ ಏಕಾಏಕಿ ಬ್ರೇಕ್ ಒತ್ತಿದರೆ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ. ಕಾಲು ತುಳಿಸಿಕೊಂಡವರು ತಿರುಗಿ, ‘ಯಾಕ್ರೀ ತಳ್ತೀರಾ?’ ಎಂದು ರೇಗುತ್ತಾರೆ. ‘ನಾನೆಲ್ಲಿ ತಳ್ಳಿದೆ? ಬಸ್ಸು ತಳ್ತು’ ಎಂಬ ಉತ್ತರ ಬರುತ್ತದೆ. ಆದರೆ ಬಸ್ಸೂ ಯಾರನ್ನೂ ಮುಂದಕ್ಕೆ ತಳ್ಳಿರುವುದಿಲ್ಲ. ಅದು ಮಾಡಲು ನೋಡಿದ್ದು ತದ್ವಿರುದ್ಧ ಕೆಲಸ: ನಿಂತವರನ್ನೂ ತನ್ನ ಜೊತೆಗೇ ನಿಧಾನಗೊಳಿಸುವುದು.

ಬಸ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೆ ಒಳಗೆ ನಿಂತವರೂ ಅದೇ ವೇಗದಲ್ಲಿರುತ್ತಾರೆ. ಬ್ರೇಕ್ ಬಿದ್ದಾಗ ರಸ್ತೆ ಮತ್ತು ಟಯರಿನ ನಡುವಿನ ಘರ್ಷಣೆ ಬಸ್ಸನ್ನು ತಡೆಯುತ್ತದೆ, ಬಸ್ಸಿನ ನೆಲ ಚಪ್ಪಲಿಯನ್ನು ತಡೆಯುತ್ತದೆ. ಎದೆ, ತಲೆಗಳನ್ನು ತಡೆಯುವವರು ಯಾರು? ಅವು ಹಳೆಯ ವೇಗದಲ್ಲೇ ಮುಂದುವರಿಯುತ್ತವೆ. ಪಾದ ಹಿಂದುಳಿದು ಮೈ ಮುಂದೆ ಹೋದರೆ ಬೀಳುವುದು ಸಹಜ. ಅನುಭವಸ್ಥ ಕಂಡಕ್ಟರನ್ನು ಗಮನಿಸಿ: ಒಂದು ಕಾಲು ಮುಂದೆ, ಒಂದು ಹಿಂದೆ, ಸೊಂಟ ಸೀಟಿನ ಕಂಬಿಗೆ ಒತ್ತಿಕೊಂಡಿರುತ್ತದೆ. ಎರಡೂ ಕೈ ಟಿಕೆಟ್ ಯಂತ್ರದ ಮೇಲಿದ್ದರೂ ಆತ ಬೀಳುವುದಿಲ್ಲ, ಏಕೆಂದರೆ ಬಸ್ಸಿನ ತಡೆ ಅವನಿಗೆ ಪಾದದಲ್ಲೂ ಸಿಗುತ್ತದೆ, ಸೊಂಟದಲ್ಲೂ ಸಿಗುತ್ತದೆ.

ಇದ್ದ ಸ್ಥಿತಿಯಲ್ಲೇ ಇರುವ ಈ ಗುಣಕ್ಕೆ ಪಠ್ಯಪುಸ್ತಕದಲ್ಲಿ ಜಡತ್ವ ಎನ್ನುತ್ತಾರೆ. ಹೆಸರು ಕೇಳಿದರೆ ಸೋಮಾರಿತನ ಅನ್ನಿಸುತ್ತದೆ, ಆದರೆ ಓಡುತ್ತಿರುವುದು ಓಡುತ್ತಲೇ ಇರುವುದೂ ಜಡತ್ವವೇ. ಚಲಿಸುತ್ತಿರಬೇಕಾದರೆ ಏನಾದರೂ ತಳ್ಳುತ್ತಲೇ ಇರಬೇಕು ಎಂಬ ಅರಿಸ್ಟಾಟಲನ ನಂಬಿಕೆ ಶತಮಾನಗಟ್ಟಲೆ ಉಳಿಯಿತು. ತಳ್ಳುವುದು ನಿಲ್ಲಿಸಿದರೆ ಗಾಡಿ ನಿಲ್ಲುವುದನ್ನು ದಿನವೂ ಕಾಣುವವರು ಬೇರೇನು ನಂಬಿಯಾರು? ಗೆಲಿಲಿಯೊ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಬಿಡುವುದರ ಬಗ್ಗೆ ಯೋಚಿಸಿದ. ಇಳಿದ ಗುಂಡು ಎದುರಿನ ಹಲಗೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಏರುತ್ತದೆ. ಎದುರಿನ ಹಲಗೆಯ ಇಳಿಜಾರು ಕಡಿಮೆ ಮಾಡಿದಷ್ಟೂ ಆ ಎತ್ತರ ಮುಟ್ಟಲು ಗುಂಡು ಹೆಚ್ಚು ದೂರ ಉರುಳಬೇಕು. ಹಲಗೆ ಪೂರ್ತಿ ಮಟ್ಟವಾಗಿದ್ದು, ಘರ್ಷಣೆಯೂ ಇಲ್ಲದಿದ್ದರೆ? ಗುಂಡು ನಿಲ್ಲಲು ಕಾರಣವೇ ಇಲ್ಲ. ಚಲನೆಯ ಕುರಿತ ಅವನ ಗ್ರಂಥ 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು, ಆಗ ಅವನು ಇಟಲಿಯಲ್ಲಿ ಗೃಹಬಂಧನದಲ್ಲಿದ್ದ. 1687ರಲ್ಲಿ ನ್ಯೂಟನ್ ಇದನ್ನೇ ತನ್ನ ಮೊದಲ ನಿಯಮವಾಗಿಸಿದ. 1977ರಲ್ಲಿ ಹಾರಿಸಿದ ವಾಯೇಜರ್-1 ನೌಕೆ ಇಂದಿಗೂ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ಅದನ್ನು ಹಿಂದಿನಿಂದ ಯಾವ ಎಂಜಿನ್ನೂ ನೂಕುತ್ತಿಲ್ಲ.

ಹಾಗಾದರೆ ಒಂದೇ ವೇಗದಲ್ಲಿ ಹೋಗುವ ಬಸ್ಸಿಗೆ ಡೀಸೆಲ್ ಏಕೆ? ಗಾಳಿ, ಟಯರು, ಬೇರಿಂಗು ಎಲ್ಲವೂ ಅದನ್ನು ಹಿಂದಕ್ಕೆ ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ಸರಿಸಮನಾದ ಬಲವನ್ನು ಮುಂದಕ್ಕೆ ಕೊಟ್ಟರೆ ಲೆಕ್ಕ ಚುಕ್ತಾ, ಒಟ್ಟು ಬಲ ಸೊನ್ನೆ, ವೇಗ ಬದಲಾಗದು. ಬಲ ಅಂದರೆ ರಾಶಿ ಗುಣಿಸು ವೇಗೋತ್ಕರ್ಷ ಎಂದು ಎರಡು ಅಂಕಕ್ಕೆ ಬಾಯಿಪಾಠ ಮಾಡುವಾಗ ಈ ‘ಒಟ್ಟು’ ಎಂಬ ಪದವೇ ಬಿಟ್ಟುಹೋಗುತ್ತದೆ. ಅರ್ಧ ಗೊಂದಲ ಹುಟ್ಟುವುದು ಅಲ್ಲೇ. ಇನ್ನೊಂದು ಮಾತು: ಬಸ್ಸನ್ನು ಮುಂದಕ್ಕೆ ದೂಡುವುದು ರಸ್ತೆ. ಎಂಜಿನ್ ಚಕ್ರ ತಿರುಗಿಸುತ್ತದೆ, ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಅಷ್ಟೇ ಬಲದಿಂದ ಚಕ್ರವನ್ನು ಮುಂದಕ್ಕೆ ಒತ್ತುತ್ತದೆ. ಕೆಸರಿನಲ್ಲಿ ಹೂತ ಲಾರಿಯ ಎಂಜಿನ್ ಎಷ್ಟು ಅಬ್ಬರಿಸಿದರೂ ಚಕ್ರ ಇದ್ದಲ್ಲೇ ಸುತ್ತುತ್ತದೆ. ಆಗ ಟಯರಿನ ಕೆಳಗೆ ಜಲ್ಲಿ, ಹುಲ್ಲು, ಗೋಣಿಚೀಲ ತುರುಕುವುದು ಚಕ್ರಕ್ಕೆ ಒತ್ತಲು ಹಿಡಿತ ಸಿಗಲಿ ಎಂದೇ.

ಬ್ರೇಕಿನ ಲೆಕ್ಕ ಇನ್ನೂ ಸ್ವಾರಸ್ಯ. ಒಣ ರಸ್ತೆಯಲ್ಲಿ ಒಂದು ವಾಹನ ಪ್ರತಿ ಸೆಕೆಂಡಿಗೆ ತನ್ನ ವೇಗವನ್ನು ಸೆಕೆಂಡಿಗೆ 5 ಮೀಟರಿನಷ್ಟು ಇಳಿಸಿಕೊಳ್ಳಬಲ್ಲದು ಎಂದಿಟ್ಟುಕೊಳ್ಳಿ. 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ನಿಲ್ಲಲು ಎರಡು ಸೆಕೆಂಡಿಗೂ ತುಸು ಹೆಚ್ಚು ಬೇಕು, ಅಷ್ಟರಲ್ಲಿ ವಾಹನ ಸುಮಾರು 12 ಮೀಟರ್ ಸಾಗಿರುತ್ತದೆ. 80 ಕಿ.ಮೀ. ವೇಗದಲ್ಲಿದ್ದರೆ? 24 ಮೀಟರ್ ಎಂದು ಹೇಳಬೇಕೆನ್ನಿಸುತ್ತದೆ. ಉತ್ತರ 49. ನಿಲ್ಲಲು ಹಿಡಿಯುವ ಸಮಯವೂ ಇಮ್ಮಡಿ, ಆ ಸಮಯದ ಸರಾಸರಿ ವೇಗವೂ ಇಮ್ಮಡಿ, ಹೀಗಾಗಿ ದೂರ ನಾಲ್ಕು ಪಟ್ಟು. ಇದು ಬ್ರೇಕ್ ಹಿಡಿದ ಮೇಲಿನ ಮಾತು. ಅಡ್ಡ ಬಂದ ಹಸುವನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ ಮೊದಲಿನದಕ್ಕೆ 11, ಎರಡನೆಯದಕ್ಕೆ 22 ಮೀಟರ್ ಸೇರಿಸಿ. ಮಳೆ ಬಿದ್ದು ಹಿಡಿತ ಅರ್ಧವಾದರೆ 80ರ ವೇಗದಲ್ಲಿ ಬ್ರೇಕಿನ ದೂರವೊಂದೇ ನೂರು ಮೀಟರಿನ ಹತ್ತಿರ ಹೋಗುತ್ತದೆ.

ಬ್ರೇಕ್ ಹಿಡಿಯಲೂ ಪುರಸೊತ್ತಿಲ್ಲದೆ, 40 ಕಿ.ಮೀ. ವೇಗದ ಕಾರೊಂದು ಗೋಡೆಗೆ ಗುದ್ದಿತು ಎನ್ನೋಣ. ಮುಂಭಾಗ ಅರ್ಧ ಮೀಟರ್ ನಜ್ಜುಗುಜ್ಜಾಗಿ ಕಾರು ನಿಲ್ಲುತ್ತದೆ. ಹನ್ನೆರಡು ಮೀಟರಿನಲ್ಲಿ ಕಳೆಯಬೇಕಿದ್ದ ವೇಗ ಅರ್ಧ ಮೀಟರಿನಲ್ಲಿ ಕಳೆಯಿತು, ಅದಕ್ಕೆ ಸುಮಾರು ಇಪ್ಪತ್ತೈದು ಪಟ್ಟು ಬಲ ಬೇಕು. ಅಮ್ಮನ ಮಡಿಲಲ್ಲಿ 10 ಕೆ.ಜಿ.ಯ ಮಗುವಿದ್ದರೆ, ಅದನ್ನು ಕಾರಿನ ಜೊತೆಗೇ ನಿಲ್ಲಿಸಲು ಅವಳ ತೋಳುಗಳು ಸುಮಾರು 1,230 ನ್ಯೂಟನ್ ಬಲ ಹಾಕಬೇಕಾಗುತ್ತದೆ. ಅಂದರೆ 125 ಕೆ.ಜಿ. ಮೂಟೆಯನ್ನು ಎತ್ತಿಹಿಡಿಯುವಷ್ಟು, ಅದೂ ಮುನ್ಸೂಚನೆಯಿಲ್ಲದೆ. ಎಷ್ಟೇ ಬಿಗಿಯಾಗಿ ಅಪ್ಪಿಕೊಂಡಿದ್ದರೂ ಮಗು ಕೈತಪ್ಪುತ್ತದೆ. ಪುಟ್ಟ ಮಕ್ಕಳಿಗೆ ಬೇರೆಯೇ ಸೀಟು ಕಟ್ಟುವುದು ಇದಕ್ಕಾಗಿ.

ದೊಡ್ಡವರ ಕೈಕಾಲಿನ ಶಕ್ತಿಯೂ ಇಲ್ಲಿ ಸಾಲದು. 60 ಕೆ.ಜಿ. ತೂಕದವರಿಗೆ ಬೇಕಾದ ಬಲ ಸುಮಾರು 7,400 ನ್ಯೂಟನ್. 1959ರಲ್ಲಿ ವೋಲ್ವೊ ಕಾರುಗಳಿಗೆ ಬಂದ, ನಿಲ್ಸ್ ಬೊಲಿನ್ ರೂಪಿಸಿದ ಮೂರು ಬಿಂದುವಿನ ಬೆಲ್ಟ್ ಆ ಬಲವನ್ನು ಮೆತ್ತನೆಯ ಹೊಟ್ಟೆಯ ಮೇಲೆ ಬಿಡದೆ ಸೊಂಟ, ಎದೆ, ಭುಜದ ಎಲುಬುಗಳಿಗೆ ಹಂಚುತ್ತದೆ. ಹಿಂದಿನ ಸೀಟಿನವರು ಮಾತ್ರ ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಆರಾಮಾಗಿ ಕೂರುತ್ತಾರೆ. ಕಾರು ಗೋಡೆಗೆ ಗುದ್ದಿ ನಿಂತ ಮೇಲೂ ಅವರು ಹೆಚ್ಚುಕಡಿಮೆ 40ರ ವೇಗದಲ್ಲೇ ಇರುತ್ತಾರೆ, ಮುಂದಿನ ಸೀಟಿನ ಬೆನ್ನಿಗೆ ಅದೇ ವೇಗದಲ್ಲಿ ಬಡಿಯುತ್ತಾರೆ. ಬೆಲ್ಟ್ ಹಾಕಿಕೊಂಡು ಮುಂದೆ ಕೂತವರಿಗೂ ಆ ಪೆಟ್ಟು ತಪ್ಪುವುದಿಲ್ಲ.