ಲಕ್ಕಿ ಸೊಪ್ಪಿನ ಗುಣವನ್ನು ಪರೀಕ್ಷಿಸುವ ಬಗೆ



ಬೇಲಿಯ ಲಕ್ಕಿ ಗಿಡವನ್ನು ಅರಿಯದವರು ನಮ್ಮ ಕೊಳಾಲದ ಕಡೆ ಯಾರೂ ಇಲ್ಲ. ಮಂಡಿ ನೋವಿಗೆ ಅದರ ಸೊಪ್ಪನ್ನು ಬಾಡಿಸಿ ಕಟ್ಟುತ್ತೇವೆ. ಸಿದ್ಧರಬೆಟ್ಟದ ಮೂಲಿಕೆಗಳ ಹೆಸರಂತೂ ದೂರದವರೆಗೆ ಹಬ್ಬಿದೆ. ಆದರೆ ನೋವು ಇಳಿದದ್ದು ಸೊಪ್ಪಿನ ಗುಣದಿಂದಲೋ, ಬರಿಯ ಶಾಖದಿಂದಲೋ? ಇದನ್ನು ತಿಳಿಯಲು ಪರೀಕ್ಷೆಯೇ ಬೇಕು.

ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ನೀರಿನಲ್ಲಿ ಇಲ್ಲವೆ ಮದ್ಯಸಾರದಲ್ಲಿ ನೆನೆಸಿ, ಸೋಸಿ, ಇಂಗಿಸಿದರೆ ಗಟ್ಟಿ ಸಾರ ಉಳಿಯುತ್ತದೆ. ಬಳಿಕ ಇಲಿಯ ಹಿಂಗಾಲಿನ ಪಾದಕ್ಕೆ ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ವಸ್ತುವನ್ನು ಚುಚ್ಚುತ್ತಾರೆ. ಕೆಲವೇ ಗಂಟೆಗಳಲ್ಲಿ ಪಾದ ಊದಿಕೊಳ್ಳುತ್ತದೆ. ೧೯೬೨ರಲ್ಲಿ ಪ್ರಕಟವಾದ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. ಒಂದು ಗುಂಪಿನ ಇಲಿಗಳಿಗೆ ಸಾರ, ಇನ್ನೊಂದಕ್ಕೆ ಗುಣ ಗೊತ್ತಿರುವ ಔಷಧಿ, ಮತ್ತೊಂದಕ್ಕೆ ಬರಿ ನೀರು. ಗೊಬ್ಬರದ ಪ್ರಯೋಗದಲ್ಲಿ ಒಂದು ಮಡಿಗೆ ಗೊಬ್ಬರ ಹಾಕದೆ ಬಿಡುವುದಿಲ್ಲವೇ? ಇದೂ ಹಾಗೆಯೇ. ನೀರು ಕುಡಿದ ಇಲಿಗಿಂತ ಸಾರ ಕುಡಿದ ಇಲಿಯ ಊತ ಎಷ್ಟು ಕಡಮೆ ಎಂಬುದನ್ನು ಅಳೆಯುತ್ತಾರೆ. ನೋವಿಗಾದರೆ ಬಿಸಿ ತಟ್ಟೆಯ ಮೇಲೆ ಇಲಿಯನ್ನು ಬಿಟ್ಟು, ಅದು ಎಷ್ಟು ಹೊತ್ತಿಗೆ ಕಾಲು ನೆಕ್ಕುವುದೆಂದು ನೋಡುತ್ತಾರೆ. ಸುಡುವ ಮುನ್ನ ಎತ್ತಿಬಿಡುತ್ತಾರೆ.

ಲಕ್ಕಿ ಸೊಪ್ಪಿನ ಸಾರ ಇಂಥ ಪರೀಕ್ಷೆಗಳಲ್ಲಿ ಇಲಿಗಳ ಊತವನ್ನೂ ನೋವನ್ನೂ ತಗ್ಗಿಸಿದೆ. ಹಿರಿಯರ ಮಾತು ಬರಿ ನಂಬಿಕೆಯಲ್ಲ ಎಂದಾಯಿತು. ಹಾಗೆಂದು ಇಂದೇ ಕಷಾಯ ಕಾಯಿಸಿ ಲೋಟಗಟ್ಟಲೆ ಕುಡಿಯತಕ್ಕದ್ದಲ್ಲ. ಇಲಿಯ ತೂಕಕ್ಕೆ ಅಳೆದುಕೊಟ್ಟ ಸಾರದ ಲೆಕ್ಕ ನಮ್ಮ ಒಲೆಯ ಮೇಲಿನ ಪಾತ್ರೆಗೆ ಹೊಂದುವುದಿಲ್ಲ.

ಅಳತೆ ಎಷ್ಟು ಮುಖ್ಯವೆಂಬುದಕ್ಕೆ ಅಗ್ನಿಶಿಖೆಯನ್ನು ನೋಡಿ. ಬೆಂಕಿಯ ನಾಲಗೆಯಂಥ ಹೂ ಬಿಡುವ ಬಳ್ಳಿ ಅದು. ಅದರಲ್ಲಿರುವ ಕಾಲ್ಚಿಸೀನ್ ಎಂಬ ವಸ್ತುವನ್ನು ವೈದ್ಯರು ಗೌಟ್ ಎಂಬ ಕೀಲುಬೇನೆಗೆ ಅತಿ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಅದೇ ಬಳ್ಳಿಯ ಗೆಡ್ಡೆಯನ್ನು ತಿನ್ನುವ ಗೆಣಸೆಂದು ತಿಂದು ಸತ್ತವರಿದ್ದಾರೆ.

ದನಗಳ ವಿಷಯದಲ್ಲಿಯೂ ಎಚ್ಚರ ಬೇಕು. ಡೈಕ್ಲೋಫೆನಾಕ್ ನೋವಿಗೆ ಒಳ್ಳೆಯ ಔಷಧಿಯೇ ಸರಿ. ಆದರೆ ಅದನ್ನು ಕೊಟ್ಟ ದನಗಳು ಸತ್ತಾಗ ಅವುಗಳ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಆದುದರಿಂದ ೨೦೦೬ರಲ್ಲಿ ಭಾರತ ಸರ್ಕಾರ ದನಗಳಿಗೆ ಅದನ್ನು ನಿಷೇಧಿಸಿತು. ಮನುಷ್ಯರ ಸೀಸೆಯಿಂದ ಎತ್ತಿಗೆ ಚುಚ್ಚಿಸಬೇಡಿ, ಪಶುವೈದ್ಯರನ್ನು ಕೇಳಿ.

ದುಡಿದ ಮೈನೋವಿಗೆ ಲಕ್ಕಿ ಸೊಪ್ಪಿನ ಶಾಖ ಕೊಡಲು ಅಡ್ಡಿಯಿಲ್ಲ. ತೆರೆದ ಗಾಯಕ್ಕೆ ಮಾತ್ರ ಕಟ್ಟಬೇಡಿ. ಊತದೊಡನೆ ಜ್ವರ ಬಂದರೆ, ಒಂದೇ ಕೀಲು ಕೆಂಪಾಗಿ ಸುಡುತ್ತಿದ್ದರೆ, ಎದೆನೋವು ತೋಳಿಗೆ ಹರಿದರೆ, ಸೊಪ್ಪು ಹುಡುಕುತ್ತ ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಹೋಗಿ.