ಕೋಲಾರದ ಹೊತ್ತು, ಜರ್ಮನಿಯ ಮೊರ್ಗನ್

ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಟೊಮೆಟೊ ಬಾಕ್ಸ್‌ಗಳನ್ನು ಹೇರಿಕೊಂಡ ಟೆಂಪೊಗಳು ಬಂದು ನಿಲ್ಲುವ ವೇಳೆಗೆ ಒಂದೇ ಬೆಳಗಿಗೆ ನಾಲ್ಕು ಹೆಸರು ಕೇಳಿಬರುತ್ತದೆ. ಮಾಲೂರು ಕಡೆಯ ರೈತ ‘ಒತ್ತಾರೆನೇ ಬಂದ್ವಿ’ ಎನ್ನುತ್ತಾನೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯವನ ಬಾಯಲ್ಲಿ ಅದು ‘ಪೊದ್ದುನ್ನೇ’. ತಮಿಳುನಾಡಿನಿಂದ ಬಂದ ಲಾರಿಯ ಚಾಲಕನಿಗೆ ‘ಕಾಲೈ’. ದಖನಿ ಉರ್ದು ಆಡುವ ಮಂಡಿಯವರಿಗೆ ‘ಫಜರ್’. ಹರಾಜಿಗೆ ಇದರಿಂದ ಯಾವ ಅಡ್ಡಿಯೂ ಆಗುವುದಿಲ್ಲ.

ಆದರೆ ಇದೇ ಜನ ಬೆಂಗಳೂರಿಗೆ ಹೋದರೆ ‘ನಿಮ್ಮದು ತೆಲುಗು ಬೆರಕೆ ಕನ್ನಡ’ ಎಂಬ ಮಾತು ಕೇಳಬೇಕು. ಗಡಿಯಾಚೆಯ ಮದನಪಲ್ಲಿಗೆ ಹೋದರೆ ‘ಕನ್ನಡ ಬೆರಕೆ ತೆಲುಗು’ ಎಂಬ ಕೊಂಕು. ಎರಡು ಕಡೆಯೂ ಸಲ್ಲದವರೆಂಬ ಈ ಹಣೆಪಟ್ಟಿ, ಬೆಳಗನ್ನು ಸೂಚಿಸುವ ಪದಗಳ ಮಟ್ಟಿಗಂತೂ, ಭಾಷಾಶಾಸ್ತ್ರದ ಮುಂದೆ ನಿಲ್ಲುವುದಿಲ್ಲ.

‘ಒತ್ತಾರೆ’ಯನ್ನೇ ನೋಡೋಣ. ಗ್ರಂಥಸ್ಥ ಕನ್ನಡದಲ್ಲಿ ಅದು ‘ಹೊತ್ತಾರೆ’. ಅದರೊಳಗಿರುವುದು ‘ಹೊತ್ತು’. ಹಳಗನ್ನಡದಲ್ಲಿ ಈ ಪದ ‘ಪೊೞ್ತು’ ಎಂದಿತ್ತು. ಸೂರ್ಯ ಮತ್ತು ಕಾಲ ಎರಡಕ್ಕೂ ಅದೇ ಹೆಸರು. ‘ಹೊತ್ತು ಮುಳುಗಿತು’ ಎನ್ನುವಾಗ ಅದು ಸೂರ್ಯ, ‘ಹೊತ್ತಾಯಿತು’ ಎನ್ನುವಾಗ ಕಾಲ. ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ‘ಪಾಲು’ ಹಾಲಾಯಿತು, ‘ಪೂ’ ಹೂವಾಯಿತು, ‘ಪೊೞ್ತು’ ಹೊತ್ತಾಯಿತು. ಹಳ್ಳಿಯ ನಾಲಗೆ ಹಕಾರವನ್ನೂ ಬಿಟ್ಟುಕೊಟ್ಟು ‘ಒತ್ತು’ ಎಂದಿತು. ತಮಿಳು ಹಳೆಯ ೞಕಾರವನ್ನು ಬಿಡದೆ ‘ಪೊೞುದು’ ಎಂದೇ ಉಳಿಸಿಕೊಂಡಿದೆ. ತೆಲುಗಿನಲ್ಲಿ ಅದು ‘ಪ್ರೊದ್ದು’ ಆಗಿ, ಆಡುಮಾತಿನಲ್ಲಿ ರಕಾರವೂ ಉದುರಿ ‘ಪೊದ್ದು’ ಎನಿಸಿಕೊಂಡಿತು. ಹೀಗಾಗಿ ಮಾಲೂರಿನ ಒತ್ತಾರೆ ಮತ್ತು ಶ್ರೀನಿವಾಸಪುರದ ಪೊದ್ದುನ್ನೇ ಒಂದರಿಂದ ಇನ್ನೊಂದು ಕಡ ತಂದ ಪದಗಳಲ್ಲ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಮನೆ ಹೂಡಿದ ಹಾಗೆ.

ಇದೇ ಬಗೆಯ ಸಂಸಾರ ಯೂರೋಪಿನ ಉತ್ತರ ಭಾಗದಲ್ಲೂ ಇದೆ. ಬೆಳಗಿಗೆ ಜರ್ಮನರು, ಡಚ್ಚರು ‘ಮೊರ್ಗನ್’ ಎಂದರೆ ಸ್ವೀಡನ್ನಿನವರು ‘ಮೊರ್ಗೊನ್’, ಐಸ್‌ಲೆಂಡಿನವರು ‘ಮೊರ್ಗುನ್’ ಎನ್ನುತ್ತಾರೆ. ನಾಲ್ಕನೇ ಶತಮಾನದಲ್ಲಿ ಬಿಷಪ್ ವುಲ್ಫಿಲಾ ಬೈಬಲನ್ನು ತಂದ ಗಾಥಿಕ್ ಭಾಷೆಯಲ್ಲಿಯೂ ಇದರ ಹಳೆಯ ರೂಪವಿದೆ. ಪ್ರಾಚೀನ ಇಂಗ್ಲಿಷಿನಲ್ಲೂ ‘ಮೊರ್ಗನ್’ ಎಂದೇ ಇತ್ತು. ನಮ್ಮ ಪಕಾರ ಕರಗಿದಂತೆ ಅಲ್ಲಿ ಗಕಾರ ಕರಗಿತು. ಸಂಜೆಯ ‘ಈವ್ನಿಂಗ್’ ನೋಡಿ ಬೆಳಗೂ ‘ಇಂಗ್’ ಎಂಬ ಬಾಲ ಅಂಟಿಸಿಕೊಂಡು ‘ಮಾರ್ನಿಂಗ್’ ಆಯಿತು. ಡಚ್ ಮಾತನ್ನು ಇಂಗ್ಲಿಷ್ ಬೆರಕೆ ಎಂದು ಅಲ್ಲಿ ಯಾರೂ ಹೀಯಾಳಿಸುವುದಿಲ್ಲ.

ಕನ್ನಡಕ್ಕೆ 1894ರಲ್ಲಿ ಮಹಾನಿಘಂಟು ಕೊಟ್ಟ ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಇದೇ ಮೊರ್ಗನ್ ನಾಡಿನವರು. ಅವರ ತಾಯ್ನುಡಿಯಲ್ಲಿ ಒಂದು ಸೋಜಿಗವಿದೆ. ‘ಮೊರ್ಗನ್’ ಎಂದರೆ ಬೆಳಗೂ ಹೌದು, ನಾಳೆಯೂ ಹೌದು. ಹಾಗಾಗಿ ‘ನಾಳೆ ಬೆಳಿಗ್ಗೆ’ ಎನ್ನಬೇಕಾದಾಗ ಜರ್ಮನರು ಒಂದೇ ಪದವನ್ನು ಎರಡು ಸಲ ಹೇಳಲಾರದೆ ‘ನಾಳೆ ಬೇಗ’ ಎಂಬರ್ಥದ ಮಾತಿನಿಂದ ಪಾರಾಗುತ್ತಾರೆ. ಇಂಗ್ಲಿಷಿನ ‘ಟುಮಾರೊ’ದಲ್ಲಿ ಅಡಗಿರುವುದೂ ಇದೇ ಬೆಳಗು. ರಾತ್ರಿ ಮಲಗುವವನಿಗೆ ಮುಂದಿನ ಬೆಳಗೇ ನಾಳೆಯಲ್ಲವೇ?

ಈ ಸೋಜಿಗವನ್ನು ನೋಡಲು ಜರ್ಮನಿಗೆ ಹೋಗಬೇಕಿಲ್ಲ, ಮುಳಬಾಗಿಲು ಸಾಕು. ಅಲ್ಲಿ ಮನೆಮನೆಯಲ್ಲೂ ನಾಳೆಗೆ ಹೇಳುವ ತೆಲುಗಿನ ‘ರೇಪು’ ಹಳೆಯ ತೆಲುಗಿನಲ್ಲಿ ಬೆಳಗೆಂಬ ಅರ್ಥವನ್ನೂ ಹೊತ್ತಿತ್ತು. ಕನ್ನಡದ ‘ನಾಳೆ’ ಮಾತ್ರ ಬೇರೆ ದಾರಿ ಹಿಡಿದು, ದಿನ ಎಂಬರ್ಥದ ‘ನಾಳ್’ನಿಂದ ಬಂದಿದೆ.

ಮೊರ್ಗನ್ನಿನ ಮೂಲದ ಬಗ್ಗೆ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಮಿನುಗು ಎಂಬರ್ಥದ ಧಾತುವಿನಿಂದ ಬಂತೆಂದು ಕೆಲವರು ವಾದಿಸಿದರೆ, ಕತ್ತಲೆಂಬ ಅರ್ಥದ ಧಾತುವಿನಿಂದ ಬಂತೆಂದು ಇನ್ನು ಕೆಲವರು. ಕತ್ತಲಿನಿಂದ ಬೆಳಗು ಹುಟ್ಟೀತೇ ಎಂದು ಅಚ್ಚರಿಪಡಬೇಕಾಗಿಲ್ಲ. ಮಲಯಾಳಿಗಳ ‘ರಾವಿಲೆ’ ಎಂದರೆ ಬೆಳಿಗ್ಗೆ. ಅದರಲ್ಲಿರುವ ‘ರಾವು’ ನಮ್ಮ ಇರುಳಿನ ಬಳಗದ್ದು. ಬೆಳಕು ಹರಿಯುವ ಮುಂಚೆಯೇ ಏಳುವವರು ಕಟ್ಟಿದ ಪದವಿರಬೇಕು.

ಕನ್ನಡದ ‘ಬೆಳಿಗ್ಗೆ’ಯಲ್ಲಿ ಇಂಥ ಗೊಂದಲವಿಲ್ಲ. ಬೆಳಗು, ಬೆಳಕು, ಬೆಳ್ಳಿ, ಬೆಳದಿಂಗಳು ಎಲ್ಲವೂ ಬಿಳುಪಿನ ಸಂತತಿ. ಶ್ರೀನಿವಾಸಪುರದ ಕಡೆಯವರು ‘ತೆಲ್ಲವಾರಿಂದಿ’ ಎನ್ನುವಾಗಲೂ ಬೆಳಗಾಗುವುದೆಂದರೆ ಬೆಳ್ಳಗಾಗುವುದೇ. ‘ತೆಲ್ಲ’ ಎಂದರೆ ಬಿಳಿ. ಇಲ್ಲಿ ಪದ ಬೇರೆ, ಕಂಡ ನೋಟ ಒಂದೇ. ಇನ್ನು ‘ಮುಂಜಾವ’ದ ಜಾವ ಸಂಸ್ಕೃತದ ‘ಯಾಮ’. ಇರುಳು ಹಗಲು ಸೇರಿ ಎಂಟು ಜಾವ, ಒಂದೊಂದಕ್ಕೆ ಮೂರು ಗಂಟೆ.

ಜರ್ಮನರು ನೆಲವನ್ನೂ ಮೊರ್ಗನ್ನಿನಲ್ಲೇ ಅಳೆಯುತ್ತಿದ್ದರು. ಒಂದು ಬೆಳಗಿನಲ್ಲಿ ಉಳಬಹುದಾದ ಭೂಮಿಗೆ ಒಂದು ಮೊರ್ಗನ್. ನಾವು ಹೊತ್ತಿನಿಂದ ಅಳೆಯುವುದು ಊಟವನ್ನು: ಎರಡು ಹೊತ್ತು ಊಟ, ಒಂದು ಹೊತ್ತು ಉಪವಾಸ.

ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಭಾಷೆ ಆಡುವುದು ಈ ಸೀಮೆಗೆ ಹೊಸತಲ್ಲ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. 1983ನೇ ಸಾಲಿನ ಜ್ಞಾನಪೀಠ ಬಂದದ್ದು ಅವರ ಕನ್ನಡಕ್ಕೆ.

ಈಗ ಹೊತ್ತಾರೆ, ಪೊದ್ದುನ್ನೇ ಎರಡನ್ನೂ ಹಿಂದಕ್ಕೆ ತಳ್ಳುತ್ತಿರುವುದು ಶಾಲೆಯ ಮಕ್ಕಳ ‘ಗುಡ್ ಮಾರ್ನಿಂಗ್’. ಅದಕ್ಕೆ ಎದುರಾಗಿ ಕಟ್ಟಿದ ‘ಶುಭೋದಯ’ ವೇದಿಕೆ, ರೇಡಿಯೊಗಳಿಂದಾಚೆ ಅಷ್ಟಾಗಿ ಇಳಿಯಲಿಲ್ಲ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಇವೆರಡನ್ನೂ ಹೇಳುವುದಿಲ್ಲ. ‘ಏನಣ್ಣಾ, ಕಾಫಿ ಆಯ್ತಾ?’ ಎನ್ನುತ್ತಾರೆ. ಉತ್ತರ ತೆಲುಗಿನಲ್ಲಿ ಬಂದರೂ ಬಂದೀತು.