ದೊಡ್ಡಾಟದ ಮೇಳ ಮತ್ತು ಸ್ಕ್ರಮ್ ತಂಡ: ಮುಂದಾಳುತನದ ತೌಲನಿಕ ವಿವೇಚನೆ

ಪ್ರವೇಶ

ಕನ್ನಡದಲ್ಲಿ ಜಾನಪದ ಅಧ್ಯಯನವು ಪಠ್ಯಗಳ ಸಂಗ್ರಹದಿಂದ ಆರಂಭವಾಗಿ ಪ್ರದರ್ಶನದ ವಿಶ್ಲೇಷಣೆಯವರೆಗೆ ಬೆಳೆದು ಬಂದಿದೆ. ಹಾಡು, ಕಥೆ, ಕುಣಿತ, ವೇಷಭೂಷಣಗಳ ಬಗೆಗೆ ಗಣನೀಯ ಕೆಲಸ ನಡೆದಿದೆ. ಆದರೆ ಇವುಗಳನ್ನು ಸಾಧ್ಯವಾಗಿಸುವ ಸಂಘಟನೆಯ ಕಡೆಗೆ ಹರಿದಿರುವ ಗಮನ ಕಡಿಮೆ. ಹತ್ತಾರು ಜನ ಒಕ್ಕಲುಮಕ್ಕಳು ತಮ್ಮ ದುಡಿಮೆಯ ನಡುವೆಯೇ ಒಂದು ಇಡೀ ರಾತ್ರಿಯ ಆಟವನ್ನು ಹೇಗೆ ಕಟ್ಟುತ್ತಾರೆ, ಅವರನ್ನು ಯಾರು, ಯಾವ ಬಗೆಯ ಅಧಿಕಾರದಿಂದ ನಡೆಸುತ್ತಾರೆ ಎಂಬ ಪ್ರಶ್ನೆ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಇದೇ ಪ್ರಶ್ನೆಯನ್ನು ಸಾಫ್ಟ್‌ವೇರ್ ಉದ್ಯಮವು ಬೇರೊಂದು ಭಾಷೆಯಲ್ಲಿ ಕೇಳಿಕೊಂಡಿದೆ. ಸಣ್ಣ ತಂಡವೊಂದು ತನ್ನ ಕೆಲಸವನ್ನು ತಾನೇ ಹಂಚಿಕೊಂಡು, ಮೇಲಿನವರ ಅಪ್ಪಣೆಗೆ ಕಾಯದೆ ನಡೆಯಬೇಕಾದರೆ ಅದನ್ನು ಮುನ್ನಡೆಸುವವನು ಏನು ಮಾಡಬೇಕು, ಏನು ಮಾಡಬಾರದು ಎಂಬ ಜಿಜ್ಞಾಸೆಗೆ ದೊರೆತ ಉತ್ತರಗಳಲ್ಲಿ ಸ್ಕ್ರಮ್ ಎಂಬ ಚೌಕಟ್ಟು ಪ್ರಮುಖವಾದುದು. ಹುಲಗೂರು ಸೀಮೆಯ ದೊಡ್ಡಾಟದ ಮೇಳವನ್ನು ಈ ಚೌಕಟ್ಟಿನೊಂದಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ‘ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು’ ಎಂದು ಸಾಧಿಸುವುದು ಇಲ್ಲಿನ ಗುರಿಯಲ್ಲ. ಒಂದರ ಬೆಳಕಿನಲ್ಲಿ ಇನ್ನೊಂದರ ಮರೆಯಾದ ಮಗ್ಗುಲನ್ನು ಕಾಣುವುದಷ್ಟೇ ಇದರ ಆಶಯ.

ಹುಲಗೂರು ಸೀಮೆ

ಹುಲಗೂರು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗ್ರಾಮ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಭಾಗವು ಧಾರವಾಡ ಜಿಲ್ಲೆಗೆ ಸೇರಿತ್ತು. ಹಜರತ್ ಶಾ ಖಾದರಿಯವರ ದರ್ಗಾದಿಂದಾಗಿ ಈ ಊರು ಪ್ರಸಿದ್ಧವಾಗಿದೆ. ಶಿಶುನಾಳ ಶರೀಫರ (1819–1889) ತಂದೆತಾಯಿಗಳು ಮಕ್ಕಳ ಫಲಕ್ಕಾಗಿ ಹುಲಗೂರಿನ ಖಾದರಿಯವರಿಗೆ ಹರಕೆ ಹೊತ್ತರೆಂಬ ಐತಿಹ್ಯ ಈ ಭಾಗದಲ್ಲಿ ಮನೆಮಾತಾಗಿದೆ. ಶರೀಫರು ಮೊಹರಮ್ ಸಂದರ್ಭದ ರಿವಾಯತ ಪದಗಳನ್ನೂ ರಚಿಸಿದವರು. ಒಬ್ಬನು ಎತ್ತಿಕೊಟ್ಟ ಪದವನ್ನು ಮೇಳದವರೆಲ್ಲ ಹೆಜ್ಜೆ ಹಾಕುತ್ತ ಹಿಡಿದು ಹಾಡುವ ರಿವಾಯತದ ಕ್ರಮ, ಭಜನಾ ಮೇಳಗಳು, ಸುಗ್ಗಿಯ ಹಂತಿಯ ಹಾಡು, ದೊಡ್ಡಾಟ ಇವೆಲ್ಲವೂ ಕೂಡಿ ಮಾಡುವ ಕಲೆಗಳೇ ಆಗಿವೆ.

ಈ ಕೂಡುಬಾಳಿನ ಆಧಾರ ಒಕ್ಕಲುತನದಲ್ಲಿದೆ. ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು, ಆ ದುಡಿಮೆಯನ್ನು ದುಡಿಮೆಯಿಂದಲೇ ಹಿಂದಿರುಗಿಸುವ ಮುಯ್ಯಾಳು ಪದ್ಧತಿ ಇದಕ್ಕೆ ನಿದರ್ಶನ. ಹಂತಿಯ ರಚನೆಯೂ ಗಮನಾರ್ಹ. ಕಣದ ನಡುವಿನ ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳಲ್ಲಿ ಮೇಟಿಯ ಬದಿಯದು ಚಿಕ್ಕ ಸುತ್ತು ಹಾಕಿದರೆ ಅಂಚಿನದು ದೊಡ್ಡ ಸುತ್ತು ಹಾಕುತ್ತದೆ. ನಡೆಯುವ ದೂರ ಬೇರೆಯಾದರೂ ಸುತ್ತು ಮಾತ್ರ ಎಲ್ಲಕ್ಕೂ ಒಟ್ಟಿಗೇ ಮುಗಿಯುತ್ತದೆ. ಯಾವ ಎತ್ತಿಗೆ ಯಾವ ಜಾಗವೆಂದು ತಿಳಿದು ಕಟ್ಟುವುದು ಒಕ್ಕಲಿಗನ ಜಾಣ್ಮೆ. ಯಂತ್ರಗಳು ಬಂದ ಮೇಲೆ ಹಂತಿ ಮರೆಯಾಗಿದೆ. ಈ ಜಾಣ್ಮೆ ಮಾತ್ರ ಮೇಳ ಕಟ್ಟುವ ಕಲೆಯಲ್ಲಿ ಮುಂದುವರಿದಿದೆ.

ಸ್ಕ್ರಮ್: ಹುಟ್ಟು ಮತ್ತು ಸ್ವರೂಪ

ಸ್ಕ್ರಮ್ ಎಂಬುದು ರಗ್ಬಿ ಆಟದ ಪದ. ಎರಡೂ ಕಡೆಯ ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ಬಿಗಿಯಾಗಿ ಹೆಣೆದುಕೊಂಡು ಚೆಂಡಿಗಾಗಿ ಒತ್ತುವ ಕ್ರಮಕ್ಕೆ ಈ ಹೆಸರಿದೆ. 1986ರಲ್ಲಿ ಜಪಾನಿನ ವಿದ್ವಾಂಸರಾದ ಹಿರೊಟಾಕಾ ಟಾಕೆಯೂಚಿ ಮತ್ತು ಇಕುಜಿರೊ ನೊನಾಕಾ ಅವರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ ಲೇಖನವೊಂದರಲ್ಲಿ ಹೋಂಡಾ, ಕ್ಯಾನನ್, ಫ್ಯೂಜಿ-ಜೆರಾಕ್ಸ್ ಮುಂತಾದ ಕಂಪನಿಗಳ ತಂಡಗಳನ್ನು ಪರಿಶೀಲಿಸಿದರು. ಒಬ್ಬನು ಓಡಿ ಮುಗಿಸಿ ಕೋಲನ್ನು ಇನ್ನೊಬ್ಬನಿಗೆ ದಾಟಿಸುವ ರಿಲೇ ಓಟದ ಬದಲು, ಇಡೀ ತಂಡವೇ ಚೆಂಡನ್ನು ಹಿಂದಕ್ಕೂ ಮುಂದಕ್ಕೂ ಸಾಗಿಸುತ್ತ ಒಟ್ಟಾಗಿ ನಡೆಯುವ ರಗ್ಬಿಯ ಮಾದರಿ ಹೊಸ ವಸ್ತುಗಳ ನಿರ್ಮಾಣಕ್ಕೆ ತಕ್ಕುದೆಂದು ಅವರು ಪ್ರತಿಪಾದಿಸಿದರು. ಇಂಥ ತಂಡಗಳ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ನಿಯಂತ್ರಣವೊಂದು ಇರುತ್ತದೆಂಬುದು ಅವರ ಮುಖ್ಯ ಗ್ರಹಿಕೆಗಳಲ್ಲೊಂದು.

ಇದನ್ನು ಸಾಫ್ಟ್‌ವೇರ್ ಕೆಲಸಕ್ಕೆ ಅನ್ವಯಿಸಿ ರೂಪಿಸಿದವರು ಅಮೆರಿಕದ ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್. 1995ರಲ್ಲಿ ಇದು ವಿದ್ವತ್ ಸಮ್ಮೇಳನದಲ್ಲಿ ಮಂಡಿತವಾಯಿತು. 2001ರ ಫೆಬ್ರವರಿಯಲ್ಲಿ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಸೇರಿದ 17 ಜನ ತಜ್ಞರು ಅಜೈಲ್ ಪ್ರಣಾಳಿಕೆಯನ್ನು ಹೊರಡಿಸಿದರು, ಇವರಿಬ್ಬರೂ ಅದರಲ್ಲಿದ್ದರು. ಚೌಕಟ್ಟಿನ ನಿಯಮಗಳನ್ನು ಹೇಳುವ ಸ್ಕ್ರಮ್ ಕೈಪಿಡಿ 2010ರಲ್ಲಿ ಮೊದಲು ಪ್ರಕಟವಾಗಿ, 2020ರಲ್ಲಿ ಗಮನಾರ್ಹವಾಗಿ ಪರಿಷ್ಕೃತವಾಯಿತು.

ಇದರ ಸ್ವರೂಪ ಸರಳವಾದುದು. ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಜನರ ತಂಡ. ಏನು ಬೇಕು, ಯಾವುದು ಮೊದಲು ಎಂಬುದನ್ನು ನಿರ್ಧರಿಸುವವನು ಪ್ರಾಡಕ್ಟ್ ಓನರ್. ಕೆಲಸ ಮಾಡುವವರು ಡೆವಲಪರ್‌ಗಳು. ಪದ್ಧತಿ ಸರಿಯಾಗಿ ನಡೆಯುವಂತೆ ನೋಡಿಕೊಂಡು ಅಡ್ಡಿಗಳು ನಿವಾರಣೆಯಾಗುವಂತೆ ಮಾಡುವವನು ಸ್ಕ್ರಮ್ ಮಾಸ್ಟರ್. ಒಂದು ತಿಂಗಳು ಅಥವಾ ಅದಕ್ಕೂ ಕಡಿಮೆ ಅವಧಿಯ ಸ್ಪ್ರಿಂಟ್ ಎಂಬ ಸುತ್ತಿನಲ್ಲಿ ಕೆಲಸ ಸಾಗುತ್ತದೆ. ಆರಂಭದಲ್ಲಿ ಯೋಜನಾ ಸಭೆ, ದಿನವೂ 15 ನಿಮಿಷಗಳ ಭೇಟಿ, ಕೊನೆಯಲ್ಲಿ ಆದ ಕೆಲಸದ ಪರಿಶೀಲನೆ, ಬಳಿಕ ತಂಡವು ತನ್ನ ನಡೆಯನ್ನೇ ಹಿಂದಿರುಗಿ ನೋಡಿಕೊಳ್ಳುವ ಅವಲೋಕನ ಇರುತ್ತವೆ. ಪಾರದರ್ಶಕತೆ, ಪರೀಕ್ಷಣೆ, ಹೊಂದಾಣಿಕೆ ಎಂಬ ಮೂರು ಕಂಬಗಳ ಮೇಲೆ ಇದು ನಿಂತಿದೆ.

ಸ್ಕ್ರಮ್ ಮಾಸ್ಟರ್‌ಗೆ ಯಾರನ್ನೂ ನೇಮಿಸುವ, ಕೆಲಸ ಹಂಚುವ ಅಧಿಕಾರವನ್ನು ಕೈಪಿಡಿ ಕೊಡುವುದಿಲ್ಲವೆಂಬುದು ವಿಶೇಷ. ಹಿಂದಿನ ಆವೃತ್ತಿಗಳು ಅವನನ್ನು ಸೇವಕ ನಾಯಕನೆಂದು ಕರೆದಿದ್ದವು. ರಾಬರ್ಟ್ ಗ್ರೀನ್‌ಲೀಫ್ 1970ರ ಪ್ರಬಂಧವೊಂದರಲ್ಲಿ ಪ್ರಚುರಪಡಿಸಿದ ಪರಿಕಲ್ಪನೆ ಇದು. 2020ರ ಆವೃತ್ತಿಯಲ್ಲಿ ಆ ಮಾತನ್ನು ತಿದ್ದಿ, ಸೇವೆ ಸಲ್ಲಿಸುವ ನಿಜವಾದ ನಾಯಕನೆಂದು ಹೇಳಲಾಯಿತು. ಸೇವೆ ಎಂಬುದು ಕೈಕಟ್ಟಿ ನಿಲ್ಲುವುದಲ್ಲ, ತಂಡದ ಫಲಕ್ಕೆ ತಾನೂ ಹೊಣೆಯಾಗುವುದು ಎಂಬ ಸೂಚನೆಯನ್ನು ಈ ತಿದ್ದುಪಡಿಯಲ್ಲಿ ಕಾಣಬಹುದು.

ತಾಲೀಮಿನ ಸಂಘಟನೆ

ದೊಡ್ಡಾಟವು ಧಾರವಾಡ, ಹಾವೇರಿ, ಗದಗ, ಬಳ್ಳಾರಿ, ಕೊಪ್ಪಳ ಮುಂತಾದ ಜಿಲ್ಲೆಗಳಲ್ಲಿ ಪ್ರಚಲಿತವಾದ ಬಯಲಾಟ ಪ್ರಕಾರ. ಕಿರೀಟ, ಭುಜಕೀರ್ತಿಗಳ ವೈಭವ, ಅಟ್ಟದ ಮೇಲಿನ ವೀರ ಕುಣಿತ, ಬೆಳಗಿನವರೆಗೆ ಸಾಗುವ ಪ್ರಸಂಗ ಇದರ ಲಕ್ಷಣಗಳು. ನೋಡುಗರಿಗೆ ಕಾಣುವುದು ಒಂದು ರಾತ್ರಿಯ ಆಟ. ಅದರ ಹಿಂದೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆದ ತಾಲೀಮು ಇರುತ್ತದೆ.

ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ ಊರ ಹಿರಿಯರು, ಆಸಕ್ತರು ಕೂಡಿ ಆಟ ಆಡಿಸುವ ನಿರ್ಧಾರ ಮಾಡುತ್ತಾರೆ. ಪ್ರಸಂಗ ಯಾವುದು, ಜಾತ್ರೆಯ ಯಾವ ದಿನ ಆಡಬೇಕು, ಖರ್ಚಿಗೆ ಯಾರು ಎಷ್ಟು ಪಟ್ಟಿ ಹಾಕಬೇಕು ಎಂಬುದೆಲ್ಲ ಅಲ್ಲಿ ಇತ್ಯರ್ಥವಾಗುತ್ತದೆ. ಬಳಿಕ ಮಾಸ್ತರನನ್ನು ಕರೆಸುತ್ತಾರೆ. ಪ್ರಸಂಗದ ಪ್ರತಿ ಅವನ ಬಳಿ ಇರುತ್ತದೆ. ಪದ, ಮಾತು, ಹೆಜ್ಜೆ ಮೂರನ್ನೂ ಅವನು ಬಲ್ಲವನಾಗಿರಬೇಕು. ಆಳ್ತನ, ದನಿ, ಗತ್ತುಗಳನ್ನು ನೋಡಿ ಪಾತ್ರ ಹಂಚುವುದು ಅವನ ಮೊದಲ ಪರೀಕ್ಷೆ.

ದಿನದ ದುಡಿಮೆ ಮುಗಿಸಿ ಉಂಡು ಬಂದವರು ರಾತ್ರಿ ಗುಡಿಯಲ್ಲೋ ಪಡಸಾಲೆಯಲ್ಲೋ ಸೇರುತ್ತಾರೆ. ಹಿಂದಿನ ದಿನದ ಪಾಠವನ್ನು ಒಪ್ಪಿಸದೆ ಹೊಸ ಪಾಠವಿಲ್ಲ. ‘ಒಪ್ಪಿಸು’ ಎಂಬ ಈ ಕ್ರಿಯಾಪದ ಅರ್ಥಗರ್ಭಿತವಾದುದು. ಮಾತು ಬಾಯಿಗೆ ಬಂದರೆ ಸಾಲದು. ಮದ್ದಳೆಯ ಪೆಟ್ಟಿಗೆ ಹೆಜ್ಜೆ ಕೂಡಬೇಕು, ಎದುರು ಪಾತ್ರದವನ ಮಾತಿಗೆ ತನ್ನ ಮಾತು ಹೊಂದಬೇಕು, ಕೂತು ಕೇಳಿದವರು ತಲೆದೂಗಬೇಕು. ಆಗ ಮಾತ್ರ ಅದು ಒಪ್ಪಿಸಿದಂತೆ. ಕೆಲಸ ‘ಮುಗಿದಿದೆ’ ಎಂಬ ಮಾತಿಗೆ ತಂಡವೆಲ್ಲ ಒಪ್ಪಿದ ಒಂದೇ ಅಳತೆಗೋಲು ಇರಬೇಕೆಂದು ಸ್ಕ್ರಮ್ ಹೇಳುವಾಗ ಅದರ ತಾತ್ಪರ್ಯವೂ ಇದೇ ಆಗಿದೆ. ಅರ್ಧ ಕಲಿತ ಪಾತ್ರ ಹೇಗೆ ಪಾತ್ರವಲ್ಲವೋ ಹಾಗೆ ಅರ್ಧವಾದ ಕೆಲಸ ಲೆಕ್ಕಕ್ಕಿಲ್ಲ.

ತಾಲೀಮು ಮುಚ್ಚಿದ ಬಾಗಿಲ ಹಿಂದೆ ನಡೆಯುವಂಥದಲ್ಲ. ಹಿಂದೆ ಅದೇ ಪಾತ್ರ ಮಾಡಿದ ಹಿರಿಯರು ಬಂದು ಕೂಡುತ್ತಾರೆ. ತಪ್ಪಿದ್ದನ್ನು ಅಲ್ಲಿಯೇ ಎತ್ತಿ ಆಡುತ್ತಾರೆ. ಪ್ರದರ್ಶನಕ್ಕೆ ಮುನ್ನ ಗೆಜ್ಜೆಪೂಜೆ ಮಾಡಿ ಆಟವನ್ನು ಒಮ್ಮೆ ನಡೆಸಿ ನೋಡುವುದುಂಟು. ದೋಷವು ಜಾತ್ರೆಯ ರಾತ್ರಿ ಬಯಲಾಗುವ ಬದಲು ತಿದ್ದಲು ಅವಕಾಶವಿರುವಾಗಲೇ ಗೋಚರಿಸಬೇಕೆಂಬ ವಿವೇಕ ಇದರ ಹಿಂದಿದೆ. ಪಾರದರ್ಶಕತೆ, ಪರೀಕ್ಷಣೆ, ಹೊಂದಾಣಿಕೆ ಎಂಬ ಮೂರೂ ತತ್ತ್ವಗಳನ್ನು ತಾಲೀಮಿನ ಮನೆಯಲ್ಲಿ ಗುರುತಿಸುವುದು ಕಷ್ಟವಲ್ಲ.

ಮಾಸ್ತರ, ಭಾಗವತ ಮತ್ತು ಸಾರಥಿ

ಮಾಸ್ಟರ್ ಮತ್ತು ಮಾಸ್ತರ ಎಂಬ ಶಬ್ದಸಾಮ್ಯವನ್ನು ನಂಬಿ ಎರಡನ್ನೂ ಒಂದೆಂದು ಭಾವಿಸುವುದು ಸರಿಯಾಗದು. ಮೇಳದಲ್ಲಿ ಮುಂದಾಳುತನವು ಒಬ್ಬನಲ್ಲಿ ನೆಲೆಗೊಂಡಿಲ್ಲ. ಅದು ಹಂತಹಂತವಾಗಿ ಕೈ ಬದಲಿಸುತ್ತದೆ. ತಾಲೀಮಿನಲ್ಲಿ ಮಾಸ್ತರನ ಮಾತೇ ಅಂತಿಮ. ಗದರುವುದು, ಮತ್ತೆ ಮತ್ತೆ ಕುಣಿಸುವುದು ಅವನಿಗೆ ಸಲ್ಲುತ್ತದೆ. ಆದರೆ ಆಟದ ರಾತ್ರಿ ವೇಷ ಕಟ್ಟಿ ಅಟ್ಟ ಏರಿದವನ ಮೇಲೆ ಅವನ ಅಧಿಕಾರ ನಡೆಯದು. ಆಗ ಪಾತ್ರಧಾರಿಗೆ ಆಸರೆ ಹಿಮ್ಮೇಳ.

ಭಾಗವತನ ಕೆಲಸ ಈ ದೃಷ್ಟಿಯಿಂದ ಸೂಕ್ಷ್ಮವಾದುದು. ಪಾತ್ರಧಾರಿ ದಣಿದಾಗ ಹಿಮ್ಮೇಳ ಪದವನ್ನು ಇನ್ನೊಮ್ಮೆ ಹಿಡಿದು ಉಸಿರಿಗೆ ಬಿಡುವು ಕೊಡುತ್ತದೆ. ಮಾತು ಮರೆತರೆ ಪದದ ಎತ್ತುಗಡೆಯಿಂದಲೇ ನೆನಪು ಕೊಡಲಾಗುತ್ತದೆ. ಈ ನೆರವು ನೋಡುಗರ ಅರಿವಿಗೆ ಬಾರದಂತೆ ನಡೆದಾಗಲೇ ಸಾರ್ಥಕ. ಪಾತ್ರಧಾರಿಯ ಮಾನ ಉಳಿಯುತ್ತದೆ, ಆಟ ನಿಲ್ಲುವುದಿಲ್ಲ. ನೊನಾಕಾ ಮತ್ತು ಟಾಕೆಯೂಚಿ ಹೇಳಿದ ಸೂಕ್ಷ್ಮ ನಿಯಂತ್ರಣಕ್ಕೆ ಇದಕ್ಕಿಂತ ಸಮರ್ಪಕವಾದ ದೇಶೀ ಉದಾಹರಣೆ ಸಿಗುವುದು ವಿರಳ.

ಸಾರಥಿಯದು ಮತ್ತೊಂದು ಬಗೆ. ಅಟ್ಟಕ್ಕೆ ಬಂದ ಪ್ರತಿ ಪಾತ್ರವನ್ನು ಅವನು ಮಾತನಾಡಿಸುತ್ತಾನೆ: ತಾವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು? ಉತ್ತರ ಅವನಿಗೂ ಗೊತ್ತು, ಸಭೆಗೂ ಗೊತ್ತು. ಆದರೂ ಪಾತ್ರವು ತನ್ನ ಬಾಯಿಂದಲೇ ತನ್ನ ಹೆಸರನ್ನೂ ಉದ್ದೇಶವನ್ನೂ ಸಾರಬೇಕು. ಹಾಗೆ ಸಾರಿದ ಮೇಲೆ ಅದಕ್ಕೆ ಬದ್ಧವಾಗಿ ನಡೆಯಬೇಕು. ಆಜ್ಞೆಯಿಂದಲ್ಲ, ಪ್ರಶ್ನೆಯಿಂದ ನಡೆಸುವ ಮಾದರಿ ಇದು. ನಿತ್ಯದ 15 ನಿಮಿಷಗಳ ಭೇಟಿಯಲ್ಲಿ ಪ್ರತಿಯೊಬ್ಬರೂ ಮೇಲಧಿಕಾರಿಗೆ ವರದಿ ಒಪ್ಪಿಸುವಂತಾದರೆ ಅದು ದರ್ಬಾರಾಗುತ್ತದೆ. ಎದುರು ಬದುರು ನಿಂತ ಸಹಪಾತ್ರಗಳಿಗೆ ತನ್ನ ಮುಂದಿನ ನಡೆಯನ್ನು ತಿಳಿಸುವಂತಾದರೆ ಆಟವಾಗುತ್ತದೆ.

ಆಚರಣೆ ಮತ್ತು ಅರ್ಥ

ಸ್ಕ್ರಮ್‌ನ ಸಭೆಗಳನ್ನು ಅದರ ಬಳಕೆದಾರರು ಬಹುಕಾಲ ‘ಸೆರಮನಿ’, ಅಂದರೆ ವಿಧಿಗಳು ಎಂದೇ ಕರೆಯುತ್ತ ಬಂದಿದ್ದಾರೆ. ಜಾನಪದ ವಿದ್ವಾಂಸರಿಗೆ ಈ ಪದ ಕುತೂಹಲಕರವಾದುದು. ಒಂದು ವಿಧಿಯು ಅದನ್ನು ಹುಟ್ಟಿಸಿದ ಅಗತ್ಯದಿಂದ ಬೇರ್ಪಟ್ಟಾಗ ಹೊರರೂಪ ಮಾತ್ರ ಉಳಿಯುತ್ತದೆಂಬುದು ಆಚರಣೆಗಳ ಅಧ್ಯಯನದ ಪರಿಚಿತ ಪಾಠ. ನಿರ್ಧಾರದ ಹಕ್ಕನ್ನು ತಂಡಕ್ಕೆ ಬಿಟ್ಟುಕೊಡದೆ ದಿನವೂ ವೃತ್ತಾಕಾರವಾಗಿ ನಿಲ್ಲಿಸಿ ಮಾತನಾಡಿಸುವ ಕಚೇರಿಯಲ್ಲಿ ಆಗುವುದೂ ಇದೇ. ಗೆಜ್ಜೆಪೂಜೆ ನಡೆಯುತ್ತದೆ, ಕುಣಿತ ಬಾರದು.

ಹೋಲಿಕೆಯ ಮಿತಿಗಳು

ಈ ಹೋಲಿಕೆಗೆ ಸ್ಪಷ್ಟ ಎಲ್ಲೆಗಳಿವೆ. ಮೊದಲನೆಯದಾಗಿ, ದೊಡ್ಡಾಟದ ಪ್ರಸಂಗ ಮೊದಲೇ ಸಿದ್ಧವಾದುದು, ಆಟದ ದಿನವೂ ಗೊತ್ತಾದುದು. ಸ್ಕ್ರಮ್ ಹುಟ್ಟಿದ್ದು ಅಂತಿಮ ವಸ್ತು ಹೇಗಿರಬೇಕೆಂದು ಮೊದಲೇ ತಿಳಿಯದ ಕೆಲಸಗಳಿಗಾಗಿ. ಎರಡನೆಯದಾಗಿ, ಯಾವುದು ಮೊದಲೆಂಬ ನಿರ್ಧಾರಕ್ಕೆ ಸ್ಕ್ರಮ್ ಒಬ್ಬನೇ ವ್ಯಕ್ತಿಯನ್ನು ಹೊಣೆಯಾಗಿಸುತ್ತದೆ. ಊರಿನಲ್ಲಿ ಹಲವು ಹಿರಿಯರ ಮಾತು ನಡೆಯುವುದರಿಂದ ಪಾತ್ರ ಹಂಚಿಕೆಯಲ್ಲೇ ಮೇಳ ಒಡೆಯುವ ಸಂದರ್ಭಗಳುಂಟು. ಮೂರನೆಯದಾಗಿ, ಮೇಳದ ಸಮಾನತೆ ಅಟ್ಟದ ಮೇಲಿನದು. ಕೆಳಗೆ ಜಾತಿ, ಹಿಡುವಳಿಗಳ ಅಂತರ ಇದ್ದೇ ಇತ್ತು. ಪರಂಪರೆಯಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಊರಿನ ಹೆಣ್ಣುಮಕ್ಕಳಿಗೆ ತಾಲೀಮಿನ ಮನೆಯಲ್ಲಿ ಜಾಗವಿರಲಿಲ್ಲ. ಹಳ್ಳಿಯ ಕೂಡುಬಾಳನ್ನು ಆದರ್ಶೀಕರಿಸುವ ಬರವಣಿಗೆ ಈ ಸಂಗತಿಯನ್ನು ಮರೆಯಬಾರದು. ನಾಲ್ಕನೆಯದಾಗಿ, ಆಟದ ಮರುದಿನ ಕಟ್ಟೆಯ ಮೇಲೆ ಗುಣದೋಷಗಳ ಚರ್ಚೆ ಧಾರಾಳವಾಗಿ ನಡೆದರೂ, ಮೇಳವೇ ಕೂಡಿ ತನ್ನ ನಡೆಯನ್ನು ಅವಲೋಕಿಸಿ ಮುಂದಿನ ಸಲಕ್ಕೆ ತೀರ್ಮಾನ ಮಾಡುವ ಕ್ರಮ ನೆಲೆಗೊಂಡಿಲ್ಲ. ಈ ಒಂದು ವಿಷಯದಲ್ಲಿ ಮೇಳವು ಸ್ಕ್ರಮ್‌ನಿಂದ ಕಲಿಯಬಹುದಾದುದಿದೆ.

ಸಮಾರೋಪ

ಈ ವಿವೇಚನೆಯ ಫಲ ಕೇವಲ ಸಾದೃಶ್ಯದ ಕುತೂಹಲಕ್ಕೆ ಸೀಮಿತವಲ್ಲ. ದೊಡ್ಡಾಟದ ಉಳಿವಿಗಾಗಿ ನಡೆಯುವ ಪ್ರಯತ್ನಗಳ ದೃಷ್ಟಿ ಬಹುಮಟ್ಟಿಗೆ ಪ್ರದರ್ಶನದ ಮೇಲಿದೆ. ಉತ್ಸವಗಳ ವೇದಿಕೆಗೆ ಒಂದೆರಡು ಗಂಟೆಗಳಿಗೆ ಇಳಿಸಿದ ಆಟಕ್ಕೆ ನೆರವು ದೊರೆತರೆ ವೇಷ, ಕಿರೀಟಗಳು ಉಳಿಯುತ್ತವೆ; ಮೇಳ ಕಟ್ಟುವ ವಿದ್ಯೆ ಉಳಿಯುತ್ತದೆಂಬ ಭರವಸೆಯಿಲ್ಲ. ಆ ವಿದ್ಯೆಯಿರುವುದು ತಾಲೀಮಿನಲ್ಲಿ. ಯಾರಿಗೆ ಯಾವ ಪಾತ್ರ, ಯಾವಾಗ ಗದರಬೇಕು, ಯಾವಾಗ ಸುಮ್ಮನಿರಬೇಕು, ತಪ್ಪಿದವನನ್ನು ಹೇಗೆ ಎತ್ತಬೇಕು ಎಂಬ ಅರಿವು ಪ್ರಸಂಗದ ಯಾವ ಪ್ರತಿಯಲ್ಲೂ ಬರೆದಿರುವುದಿಲ್ಲ. ಮಾಸ್ತರನೊಬ್ಬ ತೀರಿಕೊಂಡಾಗ ಅವನ ಹಸ್ತಪ್ರತಿ ಸಿಗಬಹುದು, ಈ ಅರಿವು ಸಿಗುವುದಿಲ್ಲ.

ಆದುದರಿಂದ ಎರಡು ಕೆಲಸಗಳು ಅಗತ್ಯವಾಗಿವೆ. ಪ್ರದರ್ಶನದ ಜೊತೆಗೆ ತಾಲೀಮಿನ ಅವಧಿಗೂ ನೆರವು ದೊರೆಯಬೇಕು. ಮಾಸ್ತರನ ಕೈಕೆಳಗೆ ಒಬ್ಬಿಬ್ಬರು ಕಿರಿಯರು, ಅವರಲ್ಲಿ ಹೆಣ್ಣುಮಕ್ಕಳೂ, ಕಲಿಯುವ ವ್ಯವಸ್ಥೆಯಾಗಬೇಕು. ದಾಖಲೀಕರಣವು ಅಟ್ಟದಿಂದ ಆರಂಭವಾಗದೆ ತಾಲೀಮಿನ ಮೊದಲ ರಾತ್ರಿಯಿಂದ ಆರಂಭವಾಗಬೇಕು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಹುಲಗೂರಿನದೇ ತಾಲ್ಲೂಕಿನ ಗೊಟಗೋಡಿಯಲ್ಲಿದೆ. ಇಂಥ ಅಧ್ಯಯನಕ್ಕೆ ಕ್ಷೇತ್ರ ಮತ್ತು ಸಂಸ್ಥೆ ಇಷ್ಟು ಸಮೀಪದಲ್ಲಿರುವುದು ಅಪರೂಪ. ತಂಡವನ್ನು ನಡೆಸುವ ಬಗೆಯನ್ನು ಜಗತ್ತು ತರಬೇತಿ, ಪ್ರಮಾಣಪತ್ರಗಳ ಮೂಲಕ ಕಲಿಯುತ್ತಿರುವಾಗ, ಅದೇ ವಿದ್ಯೆಯ ಒಂದು ಪರಂಪರೆ ದಾಖಲೆಯೂ ಇಲ್ಲದೆ ನಂದಿಹೋಗುವುದು ಜಾನಪದ ಅಧ್ಯಯನಕ್ಕೆ ಆಗುವ ನಷ್ಟವಷ್ಟೇ ಅಲ್ಲ, ಆ ವಿದ್ಯೆಯನ್ನು ಅರಸುತ್ತಿರುವವರಿಗೂ ಆಗುವ ನಷ್ಟವಾಗಿದೆ.